ನೇಮಕಾತಿ ಪತ್ರವೇ ಇಲ್ಲದ ಕೆಲಸಕ್ಕೆ ರಾಜೀನಾಮೆ ಕೊಡುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್, ಪೈಪು, ಹನಿ ನೀರಾವರಿ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಗೋದಾಮು, ಡ್ರೈವರು, ಹಮಾಲರು ಸೇರಿ 14 ಜನ. ಸೇರಿದ್ದು ಬಿಲ್ ಬರೆಯಲಿಕ್ಕೆ; ಈಗ ಟ್ಯಾಲಿ, ಜಿಎಸ್‌ಟಿ, ಹಾಜರಿ, ಸಂಬಳ, ಉದ್ರಿ ವಸೂಲಿ ಎಲ್ಲ ನನ್ನ ತಲೆಗೇ ಬಂದಿದೆ. ನೇಮಕಾತಿ ಪತ್ರ ಕೊಟ್ಟಿಲ್ಲ. ಸಂಬಳ 26,000. ಅದರಲ್ಲಿ 18,000 ಬ್ಯಾಂಕಿಗೆ, 8,000 ಕವರಿನಲ್ಲಿ. ಎರಡು ತಿಂಗಳ ಕವರು ಬಾಕಿ ಇದೆ. ಸೇರುವಾಗ ಬಿ.ಕಾಂ ಅಂಕಪಟ್ಟಿಯ ಅಸಲು ಪ್ರತಿ ಇಸಿದುಕೊಂಡವರು ವಾಪಸ್ ಕೊಟ್ಟಿಲ್ಲ. ಧಾರವಾಡದ ಒಂದು ಕಂಪನಿಯಿಂದ ಆಫರ್ ಬಂದಿದೆ, ಒಂದು ತಿಂಗಳಲ್ಲಿ ಸೇರಬೇಕು, ರಿಲೀವಿಂಗ್ ಲೆಟರ್ ತರಬೇಕು ಎನ್ನುತ್ತಾರೆ. ಮಾಲೀಕರು ನಮ್ಮ ಅಪ್ಪನ ಸ್ನೇಹಿತರು, ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಹೋದ ವರ್ಷ ಒಬ್ಬ ಹುಡುಗ ಬಿಡುತ್ತೇನೆ ಎಂದಾಗ ಅದೇ ದಿನ ಹೊರಗೆ ಕಳಿಸಿದರು. ಇನ್ನು ಮೂರು ವಾರಕ್ಕೆ ನಾನು ಸೇರಿ ಐದು ವರ್ಷ. ಜಗಳವಿಲ್ಲದೆ, ನನ್ನ ಹಣ ಕಳೆದುಕೊಳ್ಳದೆ ಹೊರಬರುವುದು ಹೇಗೆ?

ಉತ್ತರ: ಈ ವಾರ ರಾಜೀನಾಮೆ ಕೊಡಬೇಡಿ. ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ಮೂರು ವಾರದ ಮಾತೇ ಎಲ್ಲಕ್ಕಿಂತ ಮುಖ್ಯವಾದದ್ದು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಇಡಿಗಂಟು, ಅನ್ವಯಿಸುತ್ತದೆ. ನಿಮ್ಮಲ್ಲಿ 14 ಜನ ಇದ್ದೀರಿ. ಐದು ವರ್ಷ ಸತತ ಸೇವೆ ಮುಗಿಸಿದವರು ತಾವಾಗಿಯೇ ಬಿಟ್ಟರೂ ಅದು ಸಿಗಬೇಕು. ಲೆಕ್ಕ ಸುಲಭ: ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮದು 26,000 ಎಂದಾದರೆ ದಿನಕ್ಕೆ 1,000. ಹದಿನೈದು ದಿನಕ್ಕೆ 15,000. ಐದು ವರ್ಷಕ್ಕೆ 75,000 ರೂಪಾಯಿ. ಬ್ಯಾಂಕಿಗೆ ಬಂದ 18,000ವನ್ನಷ್ಟೇ ಅವರು ಒಪ್ಪಿದರೆ 51,923. ಕವರಿನ ಸಂಬಳದಿಂದ ಆಗುವ ನಷ್ಟ ಎಷ್ಟು ಎಂಬುದು ಹೀಗೆ ಬಿಡುವ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿದ್ದ ಈ ಸೂತ್ರ ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೆಯೇ ಉಳಿದಿದೆ.

ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೂ ಐದು ವರ್ಷವೆಂದೇ ಹಿಡಿಯಬೇಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆ ವಾದ ನಿಮ್ಮ ಕೈಯಲ್ಲಿರಲಿ. ಆದರೆ ಗಲ್ಲೆಯ ಮುಂದೆ ನಿಂತು ಹೈಕೋರ್ಟ್ ತೀರ್ಪು ಹೇಳುವುದಕ್ಕಿಂತ ಮೂರು ವಾರ ಕಾಯುವುದು ಸುಲಭ. ‘ಪತ್ರ ಈಗಲೇ ಕೊಟ್ಟು ಕೊನೆಯ ದಿನವನ್ನು ಮುಂದಕ್ಕೆ ಹಾಕಿದರಾಯಿತಲ್ಲ’ ಎಂದು ನಿಮಗೆ ಅನ್ನಿಸಬಹುದು. ಬೇರೆ ಅಂಗಡಿಯಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಬಿಡುತ್ತೇನೆ ಎಂದವನನ್ನು ಅದೇ ದಿನ ಹೊರಗೆ ಕಳಿಸಿದ ಮಾಲೀಕರ ಹತ್ತಿರ ಆ ಜೂಜು ಬೇಡ. ಐದು ವರ್ಷ ತುಂಬಿ ಒಂದು ವಾರ ಕಳೆದ ಮೇಲೆ ಪತ್ರ ಕೊಡಿ.

ಧಾರವಾಡದವರಿಗೆ ಇವತ್ತೇ ಮೇಲ್ ಹಾಕಿ, ಸೇರುವ ದಿನವನ್ನು ಎರಡು ತಿಂಗಳ ಆಚೆಗೆ ಕೇಳಿ. ‘ಲೆಕ್ಕಪತ್ರದ ಜವಾಬ್ದಾರಿ ಪೂರ್ತಿ ಒಪ್ಪಿಸಿ ಬರಬೇಕು’ ಎಂಬ ಕಾರಣ ಸಾಕು; ಅದು ನಿಜವೂ ಹೌದು. ಲೆಕ್ಕದವರನ್ನು ತೆಗೆದುಕೊಳ್ಳುವ ಯಾವ ಕಂಪನಿಗೂ ಈ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಅಷ್ಟು ಕಾಯಲಾಗದು ಎಂದರೆ ನೋಟಿಸನ್ನು ಹದಿನೈದು ದಿನಕ್ಕೆ ಇಳಿಸಿ. ನಿಮಗೆ ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲವಾದ್ದರಿಂದ ಇಷ್ಟೇ ದಿನ ನೋಟಿಸ್ ಕೊಡಬೇಕೆಂಬ ಕರಾರೂ ಇಲ್ಲ. ಒಂದು ತಿಂಗಳು ಎಂಬುದು ರೂಢಿಯ ಮರ್ಯಾದೆ. ಅದಕ್ಕೂ ಒಪ್ಪದಿದ್ದರೆ ಹೊಸ ಕೆಲಸವನ್ನೇ ಹಿಡಿಯಿರಿ, ಗ್ರಾಚ್ಯುಟಿಗೆ 240 ದಿನದ ವಾದ ಹೂಡೋಣ. ಎಪ್ಪತ್ತೈದು ಸಾವಿರಕ್ಕಾಗಿ ಒಳ್ಳೆಯ ನೌಕರಿ ಬಿಡುವುದು ಜಾಣತನವಲ್ಲ.

ಈ ಮೂರ್ನಾಲ್ಕು ವಾರ ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ ಒಂದಿದೆ: ನೀವು ಅಲ್ಲಿ ಇದ್ದಿರಿ ಎಂಬುದಕ್ಕೆ ಕಾಗದ ಕೂಡಿಸುವುದು. ಅಂಗಡಿಯಿಂದ ಮೊದಲ ಸಂಬಳ ಜಮೆಯಾದ ತಿಂಗಳಿನಿಂದ ಇಂದಿನವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ನೀವು ಸೇರಿದಾಗ ಸಂಬಳ 21,000ದ ಒಳಗಿದ್ದು ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಮಾಡಿಸಿದ್ದರೆ ಅದರ ಇ-ಪೆಹಚಾನ್ ಕಾರ್ಡ್ ಹುಡುಕಿ. ಅಂಗಡಿಯ ಹೆಸರೂ ನೋಂದಣಿಯ ದಿನಾಂಕವೂ ಅದರಲ್ಲಿ ಸಿಗುತ್ತವೆ. ಸರ್ಕಾರಿ ದಾಖಲೆಯ ತೂಕವೇ ಬೇರೆ. 20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯವಲ್ಲ, ಆದ್ದರಿಂದ ಆ ದಾಖಲೆ ನಿಮಗಿಲ್ಲದಿದ್ದರೆ ಆಶ್ಚರ್ಯವಿಲ್ಲ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಸಾಲಿನ ಫೋಟೋ, ಕಾಕಾ ನಿಮಗೆ ಕೆಲಸ ಹೇಳಿದ ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳು, ಇವೂ ಬೇಕಾಗಬಹುದು. ನಿಮ್ಮದಷ್ಟನ್ನೇ ತೆಗೆದುಕೊಳ್ಳಿ. ಟ್ಯಾಲಿ ಬ್ಯಾಕಪ್ಪು, ಗಿರಾಕಿಗಳ ಪಟ್ಟಿ, ದರಪಟ್ಟಿ ಯಾವುದನ್ನೂ ಮನೆಯ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ, ‘ಇರಲಿ’ ಎಂದು ಕೂಡ. ನಾಳೆ ಮನಸ್ತಾಪವಾದರೆ ಕಳ್ಳತನದ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಕವರಿನ ಬಾಕಿಯನ್ನೂ ಈಗಲೇ ಬರಹಕ್ಕೆ ತನ್ನಿ. ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದ್ದೀರೋ ಬಿಡಿ. ಒಂದು ವಾಟ್ಸ್‌ಆ್ಯಪ್ ಹಾಕಿ: ‘ಕಾಕಾ, ಸಂಬಳದಾಗ ತಿಂಗಳಿಗೆ 8,000 ಹಂಗ ಎರಡು ತಿಂಗಳದ್ದು 16,000 ಬರೂದೈತ್ರಿ, ಈ ವಾರ ಕೊಟ್ರ ಅನುಕೂಲ ಆಗ್ತದ.’ ಅದಕ್ಕೆ ಅವರು ‘ಸೋಮವಾರ ನೋಡೂಣು’ ಎಂದು ಉತ್ತರಿಸಿದರೂ ನಿಮ್ಮ ಕೆಲಸವಾಯಿತು. ಬ್ಯಾಂಕಿನ 18,000ದ ಮೇಲೆ ಇನ್ನೂ 8,000 ಸಂಬಳವಿತ್ತು ಎಂಬುದಕ್ಕೆ ಆ ಎರಡು ಪದ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಆದಾಯ ತೆರಿಗೆಯವರಿಗೆ ಹೇಳುತ್ತೇನೆ ಎಂಬ ಬೆದರಿಕೆಯ ಹತ್ತಿರ ಮಾತ್ರ ಹೋಗಬೇಡಿ. ಆ ಮಾತು ಒಮ್ಮೆ ಆಡಿದರೆ ನಿಮ್ಮ ಹಣವೂ ಬರುವುದಿಲ್ಲ, ಅಪ್ಪನ ಸ್ನೇಹವೂ ಉಳಿಯುವುದಿಲ್ಲ.

ಅಂಕಪಟ್ಟಿಯನ್ನೂ ಈಗಲೇ ಕೇಳಿ. ನಿಮ್ಮ ವಸ್ತು ಕೇಳಲು ದೊಡ್ಡ ಕಾರಣ ಹೆಣೆಯಬೇಕಿಲ್ಲ. ‘ಅಸಲು ಕಾಗದ ಮನ್ಯಾಗ ಇರ್ಲಿ ಅಂತ ಅಪ್ಪಾ ಅಂದಾರ, ಝೆರಾಕ್ಸ್ ಇಟ್ಕೋರಿ ಕಾಕಾ’ ಎಂದರೆ ಸಾಕು, ಅಪ್ಪನಿಗೆ ಮೊದಲೇ ಹೇಳಿಟ್ಟರೆ ಅದು ಸುಳ್ಳೂ ಆಗುವುದಿಲ್ಲ. ನೌಕರರ ಅಸಲು ಪ್ರಮಾಣಪತ್ರವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ಕೊಡದೇ ಹೋದರೂ ಕಂಗಾಲಾಗಬೇಡಿ, ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತೆಗೆಸಬಹುದು. ಸ್ವಲ್ಪ ಅಲೆದಾಟ, ಸ್ವಲ್ಪ ಶುಲ್ಕ, ಅಷ್ಟೇ.

ಇನ್ನು ಹೇಳುವ ವಿಷಯ. ಇಲ್ಲಿ ಕಾನೂನಿಗಿಂತ ‘ಕಾಕಾ’ ಎಂಬ ಕರೆಯೇ ಭಾರ. ನೀವು ಪತ್ರ ಕೊಟ್ಟ ಹದಿನೈದೇ ನಿಮಿಷಕ್ಕೆ ಅವರು ಫೋನ್ ಮಾಡುವುದು ನಿಮ್ಮ ಅಪ್ಪನಿಗೆ. ಆದ್ದರಿಂದ ಹಿಂದಿನ ರಾತ್ರಿಯೇ ಅಪ್ಪನ ಜೊತೆ ಕೂತು ಎಲ್ಲ ಹೇಳಿ, ಒಂದೇ ಒಂದು ಮಾತು ಅವರಿಂದ ಪಡೆದುಕೊಳ್ಳಿ: ಕಾಕಾ ಫೋನ್ ಮಾಡಿದರೆ ‘ಅಕಿ ವಿಚಾರ ಮಾಡೇ ಕೊಟ್ಟಾಳ, ನಾ ನಡಬರಕ ಬರೂದಿಲ್ಲ’ ಎನ್ನಬೇಕು. ಅದಕ್ಕಿಂತ ಒಂದು ಮಾತೂ ಹೆಚ್ಚು ಬೇಡ. ಅಪ್ಪಂದಿರು ಸಂಕೋಚಕ್ಕೆ ‘ಇನ್ನೊಂದು ತಿಂಗಳು ಇರ್ತಾಳ ತಗೋ’ ಎಂದುಬಿಡುತ್ತಾರೆ, ಅಲ್ಲಿಗೆ ನಿಮ್ಮ ನೋಟಿಸು ನೀರುಪಾಲು.

ದಿನ ನೋಡಿಕೊಳ್ಳಿ. ನಾನು ಪಂಚಾಂಗ ನಂಬುವವನಲ್ಲ, ಆದರೆ ಕಾಕಾ ನಂಬುತ್ತಾರೆ. ಅಮಾವಾಸ್ಯೆ ಪೂಜೆಯ ದಿನ, ಶುಕ್ರವಾರ, ಬೆಳಿಗ್ಗೆ ಬೋಣಿಗೆಯ ಹೊತ್ತು, ಈ ಮೂರೂ ಬೇಡ. ಜಿಎಸ್‌ಟಿಯ ದಿನಗಳು ನಿಮಗೇ ಗೊತ್ತು: 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. 20 ದಾಟಿದ ಮೇಲೆ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಒಳಗೆ ಹೋಗಿ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಪತ್ರ ಮುಂದಿಡಿ. ಮೇಜಿನ ಮೇಲೆ ಪತ್ರ ಇಟ್ಟು ಮನೆಗೆ ಹೋದರೆ ಆ ವಯಸ್ಸಿನವರಿಗೆ ಕೆನ್ನೆಗೆ ಹೊಡೆದಂತಾಗುತ್ತದೆ.

‘ಯಾಕವಾ, ಏನ್ ಕಡಿಮಿ ಮಾಡೀವಿ ನಿನಗ? ಮಗಳಂಗ ನೋಡ್ಕೊಂಡೀವಿ’ ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡುವ ಆಸೆಯೇ ಅಪಾಯ. ನಿಮ್ಮ ಹತ್ತಿರ ಉತ್ತರಗಳ ಪಟ್ಟಿಯೇ ಇದೆ: ಬಾಕಿ ಕವರು, ಭಾನುವಾರದ ಸ್ಟಾಕ್ ಎಣಿಕೆ, ಹೇಳದೇ ಕೇಳದೇ ತಲೆಗೆ ಬಿದ್ದ ಕೆಲಸಗಳು. ಒಂದನ್ನು ಹೇಳಿದರೂ ಅದು ಚೌಕಾಶಿಯಾಗುತ್ತದೆ. ಕವರು ಎಂದರೆ ‘ನಾಳೆ ಕೊಡ್ತೀನಿ’, ಕೆಲಸ ಹೆಚ್ಚಾಯಿತು ಎಂದರೆ ‘ಒಂದು ಹುಡುಗನ್ನ ಇಡೂಣು’. ಹೊರಗೆ ಹೋಗುತ್ತಿರುವವರು ಅಂಗಡಿ ದುರಸ್ತಿ ಮಾಡಬೇಕಿಲ್ಲ. ‘ಕಡಿಮಿ ಏನೂ ಮಾಡಿಲ್ಲ ಕಾಕಾ. ಧಾರವಾಡದಾಗ ಕೆಲಸ ಸಿಕ್ಕೈತಿ, ಒಪ್ಕೊಂಡೀನ್ರಿ’ ಎನ್ನಿ. ‘ಒಪ್ಕೊಂಡೀನಿ’ ಎಂಬುದನ್ನು ಬಿಡಬೇಡಿ. ‘ವಿಚಾರ ಮಾಡಾಕತ್ತೀನಿ’ ಎಂದರೆ ದಸರಾ ತನಕ ಎಳೆಯುತ್ತಾರೆ. ಸಂಬಳ ಐದು ಸಾವಿರ ಏರಿಸುತ್ತೇನೆ ಎನ್ನಲೂಬಹುದು. ಇದ್ದ ಸಂಬಳವೇ ಎರಡು ತಿಂಗಳು ನಿಂತಿರುವಾಗ ಏರಿಸಿದ ಸಂಬಳದ ಭರವಸೆಗೆ ಎಷ್ಟು ಬೆಲೆ ಎಂದು ನೀವೇ ಲೆಕ್ಕ ಹಾಕಿ.

ಪತ್ರ ಚಿಕ್ಕದಿರಲಿ. ಹೀಗೆ ಬರೆಯಬಹುದು:

‘ಮಾನ್ಯರೇ, ನಾನು ತಮ್ಮ ಸಂಸ್ಥೆಯಲ್ಲಿ (ಸೇರಿದ ದಿನಾಂಕ)ದಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ಕೆಲಸಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. (ದಿನಾಂಕ) ನನ್ನ ಕೆಲಸದ ಕೊನೆಯ ದಿನ. ಅಷ್ಟರೊಳಗೆ ನನ್ನ ಜವಾಬ್ದಾರಿಗಳನ್ನು ತಾವು ಸೂಚಿಸಿದವರಿಗೆ ಒಪ್ಪಿಸುತ್ತೇನೆ. ಬಾಕಿ ವೇತನ, ಬಳಸದ ರಜೆಯ ವೇತನ ಮತ್ತು ಗ್ರಾಚ್ಯುಟಿಯನ್ನು ಲೆಕ್ಕ ಮಾಡಿ ಕೊಡಬೇಕೆಂದೂ ಸೇವಾ ಪ್ರಮಾಣಪತ್ರ ನೀಡಬೇಕೆಂದೂ ಕೋರುತ್ತೇನೆ.’

ಮೊದಲ ವಾಕ್ಯದಲ್ಲಿರುವ ಸೇರಿದ ದಿನಾಂಕವನ್ನು ಮರೆಯಬೇಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ‘ತಲುಪಿದೆ’ ಎಂದು ಸಹಿ, ದಿನಾಂಕ ಹಾಕಿಸಿಕೊಂಡರೆ, ಐದು ವರ್ಷ ನಿಮಗೆ ಕೊಡದ ನೇಮಕಾತಿ ಪತ್ರ ಆ ಒಂದು ಸಹಿಯಲ್ಲಿ ಸಿಕ್ಕಂತೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ನೇಮಕಾತಿ ಪತ್ರವನ್ನು ನೀವು ಸೇರಿದ 30 ದಿನದೊಳಗೆ ಕೊಡಬೇಕಿತ್ತು, ಆ ಮಾತು ಈಗ ಎತ್ತುವುದು ಬೇಡ. ಕವರಿನ ಮೊತ್ತವನ್ನೂ ಪತ್ರದಲ್ಲಿ ಬರೆಯಬೇಡಿ. ಬರೆದರೆ ಸಹಿ ಬೀಳುವುದಿಲ್ಲ, ಅದಕ್ಕೆ ವಾಟ್ಸ್‌ಆ್ಯಪ್ ಇದೆ. ಸಹಿಗೆ ಒಪ್ಪದಿದ್ದರೆ ಒತ್ತಾಯಿಸದೆ ಎದ್ದು ಬನ್ನಿ, ಅದೇ ದಿನ ಅಂಗಡಿಯ ಮೇಲ್‌ಗೂ ಅವರ ವಾಟ್ಸ್‌ಆ್ಯಪ್‌ಗೂ ಪತ್ರದ ಪ್ರತಿ ಕಳಿಸಿ, ಇನ್ನೊಂದನ್ನು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ ಕೇಳಿದರೆ ಕೌಂಟರಿನವರು ಸ್ಪೀಡ್ ಪೋಸ್ಟನ್ನೇ ಮಾಡುತ್ತಾರೆ, 2025ರಲ್ಲಿ ಎರಡೂ ಒಂದಾಗಿವೆ.

‘ನಾ ರಾಜೀನಾಮೆ ತಗೊಳ್ಳೂದಿಲ್ಲ’ ಎಂಬ ಮಾತಿಗೆ ಹೆದರಬೇಡಿ. ಖಾಸಗಿ ಕೆಲಸದಲ್ಲಿ ಮನಸ್ಸಿಲ್ಲದವರಿಂದ ದುಡಿಸಿಕೊಳ್ಳಲು ಯಾವ ನ್ಯಾಯಾಲಯವೂ ಆದೇಶ ಕೊಡುವುದಿಲ್ಲ. ‘ಹಂಗಾರ ನಾಳಿಂದನ ಬರಬ್ಯಾಡ’ ಎಂದರೆ? ಐದು ವರ್ಷ ತುಂಬಿದೆಯಲ್ಲ, ಗ್ರಾಚ್ಯುಟಿಗೆ ಏಟಿಲ್ಲ. ಮನೆಗೆ ಬಂದು ‘ಇಂದು ಮಧ್ಯಾಹ್ನ ನೀವು ಹೇಳಿದಂತೆ ನಾಳೆಯಿಂದ ಬರುವುದಿಲ್ಲ, ಕೀಲಿಕೈ, ನಗದು ಯಾರಿಗೆ ಒಪ್ಪಿಸಬೇಕು ತಿಳಿಸಿ’ ಎಂದು ಒಂದು ಸಂದೇಶ ಕಳಿಸಿ. ಕೆಲಸಕ್ಕೆ ಬಾರದೆ ಓಡಿಹೋದಳು ಎಂದು ನಾಳೆ ಯಾರೂ ಹೇಳದಂತೆ ಅದು ತಡೆಯುತ್ತದೆ.

ನೋಟಿಸಿನ ಅವಧಿಯಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ನಿಮ್ಮ ಫೋನ್ ನಂಬರನ್ನು ಅಂಗಡಿಯಿಂದ ಬಿಡಿಸಿಕೊಳ್ಳುವುದು. ಇಂಥ ಅಂಗಡಿಗಳಲ್ಲಿ ಬಿಟ್ಟುಹೋದವರಿಗೆ ಆರು ತಿಂಗಳಾದ ಮೇಲೂ ರಾತ್ರಿ ಒಂಬತ್ತಕ್ಕೆ ‘ಓಟಿಪಿ ಬಂತೇನು ನೋಡವಾ’ ಎಂದು ಫೋನ್ ಬರುತ್ತಿರುತ್ತದೆ. ಒಂದು ಹಾಳೆ ತೆಗೆದುಕೊಂಡು, ನಿಮ್ಮ ನಂಬರು ಅಥವಾ ನಿಮ್ಮ ಜಿಮೇಲ್ ಎಲ್ಲೆಲ್ಲಿ ಇದೆ ಎಂದು ಬರೆಯಿರಿ. ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಬ್ಯಾಂಕಿನ ನೆಟ್ ಬ್ಯಾಂಕಿಂಗ್, ಕ್ಯೂಆರ್ ಕೋಡಿನ ಆ್ಯಪ್, ಟೆಂಪೊದ ಫಾಸ್ಟ್ಯಾಗ್, ಹೆಸ್ಕಾಂ ಕರೆಂಟ್ ಬಿಲ್ಲು, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು, ಟ್ಯಾಲಿಯ ಅಡ್ಮಿನ್ ಪಾಸ್‌ವರ್ಡ್. ಬರೆಯಲು ಕೂತಾಗ ಇನ್ನೂ ನಾಲ್ಕು ನೆನಪಾಗುತ್ತವೆ. ಜಿಎಸ್‌ಟಿಯಲ್ಲಿ ಅಧಿಕೃತ ಸಹಿದಾರರ ಮೊಬೈಲ್, ಮೇಲ್ ಬದಲಿಸುವುದು ‘ನಾನ್-ಕೋರ್’ ತಿದ್ದುಪಡಿಯಲ್ಲಿ ಬರುತ್ತದೆ. ಅಂಗಡಿಯ ಆಡಿಟರ್ ಆಫೀಸಿಗೆ ಒಂದು ಮಾತು ಹೇಳಿದರೆ ಮಾಡಿಕೊಡುತ್ತಾರೆ. ಸಹಿದಾರರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇದ್ದರೆ ತೆಗೆಸದೆ ಅಲ್ಲಿಂದ ಕದಲಬೇಡಿ. ಇಲಾಖೆಯ ನೋಟಿಸು ನಿಮ್ಮ ಹೆಸರಿಗೆ ಬರುತ್ತಿರುವಾಗ ನೀವು ಧಾರವಾಡದಲ್ಲಿ ಕೂತು ನಿದ್ದೆ ಮಾಡಲಾರಿರಿ. ನಿಮ್ಮ ಡ್ರಾಯರಿನಲ್ಲಿ ಕಾಕಾ ಅವರ ಡಿಜಿಟಲ್ ಸಹಿಯ ಪೆನ್‌ಡ್ರೈವ್, ಸಹಿ ಮಾಡಿಟ್ಟ ಖಾಲಿ ಚೆಕ್ಕು ಇದ್ದೇ ಇರುತ್ತವೆ ಎಂದು ಬರೆದುಕೊಡಬಲ್ಲೆ. ಚೆಕ್ಕಿನ ನಂಬರು ಬರೆದು, ಎಣಿಸಿ ಕೊಟ್ಟು, ಸಹಿ ತೆಗೆದುಕೊಳ್ಳಿ. ಗಲ್ಲೆಯ ಚಿಲ್ಲರೆ ನಗದೂ ಹಾಗೆಯೇ.

ಉದ್ರಿ ಪುಸ್ತಕಕ್ಕೆ ಅರ್ಧ ದಿನ ಕೊಡಿ. ಯಾರಿಂದ ಎಷ್ಟು ಬರಬೇಕು ಎಂಬುದು ಟ್ಯಾಲಿಯಲ್ಲಿ ಇರುತ್ತದೆ; ಯಾವ ರೈತರು ಸುಗ್ಗಿಗೆ ಕೊಡುತ್ತೇನೆಂದಿದ್ದಾರೆ, ಯಾವ ಡೀಲರು ವಾಪಸ್ ಕಳಿಸಿದ ಮೋಟಾರಿನ ಕ್ರೆಡಿಟ್ ನೋಟ್ ಇನ್ನೂ ಬಂದಿಲ್ಲ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಇದೆ. ಅದನ್ನು ಕನ್ನಡದಲ್ಲೇ ಎರಡು ಪುಟ ಬರೆದುಕೊಡಿ. ಬದಲಿಗೆ ಯಾರನ್ನೂ ತೆಗೆದುಕೊಳ್ಳದಿದ್ದರೆ ಅದು ನಿಮ್ಮ ಚಿಂತೆಯಲ್ಲ. ‘ಬ್ಯಾರೆಯವರು ಸಿಗೂತನಕ ಇರು’ ಎಂಬ ಮಾತಿಗೆ ಕೊನೆಯ ದಿನಾಂಕವೊಂದೇ ಉತ್ತರ.

ಬಾಕಿ ಲೆಕ್ಕವನ್ನು ಅವರು ಮಾಡುವುದಿಲ್ಲ, ಸಂಬಳದ ಲೆಕ್ಕ ಮಾಡುವವರೇ ನೀವಲ್ಲವೇ! ಒಂದು ಹಾಳೆಯಲ್ಲಿ ನೀವೇ ಬರೆದು ಕೊನೆಯ ವಾರದ ಮೊದಲೇ ಮುಂದಿಡಿ. ಕೊನೆಯ ತಿಂಗಳ ಸಂಬಳ, ಕವರಿನ ಬಾಕಿ, ಗ್ರಾಚ್ಯುಟಿ, ಮತ್ತು ಬಳಸದ ಗಳಿಕೆ ರಜೆ. ರಾಜ್ಯದ ಕಾಯ್ದೆಯಲ್ಲಿ 20 ದಿನದ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಉಂಟು. ಯಾರೂ ಹೇಳಿಲ್ಲವೆಂದು ಅದು ಇಲ್ಲವಾಗುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ ಸಮಯವಿದೆ. ಹಣ ಖಾತೆಗೆ ಬೀಳುವ ಮೊದಲು ‘ಎಲ್ಲ ಬಾಕಿ ಮುಟ್ಟಿದೆ’ ಎಂಬ ಕಾಗದಕ್ಕೆ ಸಹಿ ಮಾಡಬೇಡಿ, ಕಾಕಾ ಎಷ್ಟೇ ಅಕ್ಕರೆಯಿಂದ ಪೆನ್ನು ಕೊಟ್ಟರೂ.

ರಿಲೀವಿಂಗ್ ಲೆಟರ್ ಎಂಬುದನ್ನು ಅವರು ಬಹುಶಃ ಇದುವರೆಗೆ ಯಾರಿಗೂ ಕೊಟ್ಟಿಲ್ಲ. ನೀವೇ ಮೂರು ಸಾಲು ಬೆರಳಚ್ಚು ಮಾಡಿ ಕೊಡಿ: ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡಿದ್ದಾರೆ, ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಲೆಟರ್‌ಹೆಡ್ಡೂ ಸೀಲೂ ನಿಮ್ಮ ಕೈಯಲ್ಲೇ ಇವೆ ಎಂದು ನನಗೆ ಗೊತ್ತು. ಸಹಿ ಮಾತ್ರ ಅವರದೇ ಇರಬೇಕು. ಅವರು ಊರಲ್ಲಿಲ್ಲ, ತಡವಾಗುತ್ತದೆ ಎಂದು ‘ಪರವಾಗಿ’ ಹಾಕಿ ಸೀಲು ಒತ್ತುವ ಅಭ್ಯಾಸ ಬಿಲ್ಲಿಗೆ ನಡೆದಿರಬಹುದು. ನಿಮ್ಮದೇ ಬಿಡುಗಡೆ ಪತ್ರಕ್ಕೆ ಹಾಗೆ ಮಾಡಿದರೆ ಹೊಸ ಕೆಲಸವೂ ಹೋಗುತ್ತದೆ, ಠಾಣೆಯ ಮೆಟ್ಟಿಲೂ ಹತ್ತಬೇಕಾದೀತು. ಕೊಡದೇ ಸತಾಯಿಸಿದರೆ ಧಾರವಾಡದ ಎಚ್‌ಆರ್‌ಗೆ ಇದ್ದದ್ದನ್ನು ಇದ್ದಂತೆ ಹೇಳಿ. ತಲುಪಿದ ಸಹಿ ಇರುವ ರಾಜೀನಾಮೆಯ ಪ್ರತಿ ಅಥವಾ ಸ್ಪೀಡ್ ಪೋಸ್ಟ್ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ. ಸಣ್ಣ ಅಂಗಡಿಗಳಿಂದ ಬರುವವರ ಪಾಡು ಅವರಿಗೂ ಹೊಸತಲ್ಲ.

ತಿಂಗಳು ಕಳೆದರೂ ಹಣ ಬಾರದಿದ್ದರೆ ಮೊದಲು ಅಪ್ಪನನ್ನು ಒಮ್ಮೆ ಕಳಿಸಿ. ಅಲ್ಲಿಯವರೆಗೆ ಹೊರಗಿಟ್ಟ ಸ್ನೇಹ ಈಗ ಉಪಯೋಗಕ್ಕೆ ಬರಲಿ. ಎದುರು ಕೂತು ಚಹಾ ಕುಡಿಯುತ್ತ ‘ಹುಡುಗಿದು ಎಷ್ಟ ಬರೂದೈತಿ ಅದನ್ನ ಕೊಟ್ಟಬಿಡಪಾ’ ಎಂದರೆ ಅರ್ಧಕ್ಕರ್ಧ ಪ್ರಕರಣ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಗ್ರಾಚ್ಯುಟಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ. ವಕೀಲರು ಇಲ್ಲದೆಯೂ ದೂರು ಕೊಡಬಹುದು. ತಡವಾದ ಗ್ರಾಚ್ಯುಟಿಗೆ ಬಡ್ಡಿಯೂ ಸೇರುತ್ತದೆ, ಅರ್ಜಿಯಲ್ಲಿ ಅದನ್ನೂ ಕೇಳಿ.

ಹೊಸ ಕೆಲಸಕ್ಕೆ ಸೇರಿದ ಮೊದಲ ಎರಡು ವಾರ ಅಂಗಡಿಯಿಂದ ಫೋನ್ ಬಂದರೆ ಸಂಜೆ ಏಳರ ಮೇಲೆ ಮಾತಾಡಿ, ಫೈಲು ಎಲ್ಲಿದೆ ಎಂದು ಹೇಳಿ. ‘ಭಾನುವಾರ ಒಂದ್ ತಾಸು ಬಂದು ರಿಟರ್ನ್ ಹಾಕಿಕೊಟ್ಟು ಹೋಗು’ ಎಂದರೆ ಆಡಿಟರ್ ಆಫೀಸಿನ ನಂಬರು ಕೊಡಿ.